ಮೂಲೆ ಹರಿದ ಲಕೋಟೆ

ಭಾಲ್ಕಿಯ ಆ ಓಣಿಯಲ್ಲಿ ಸಾವಿನ ಸುದ್ದಿ ತಿಳಿಯಲು ಓದು ಬರಹ ಬೇಕಿರಲಿಲ್ಲ. ಬಂದ ಕಾಗದದ ಒಂದು ಮೂಲೆ ಹರಿದಿದ್ದರೆ ಯಾರೋ ತೀರಿಹೋಗಿದ್ದಾರೆ ಎಂದೇ ಅರ್ಥ. ಅದನ್ನು ಹೊಸ್ತಿಲು ದಾಟಿಸದೆ ಅಂಗಳದಲ್ಲೇ ಓದಿಸಿ, ಹರಿದೆಸೆದು, ತಲೆಯ ಮೇಲೆ ನೀರು ಸುರಿದುಕೊಳ್ಳುತ್ತಿದ್ದರು. ಓದಿ ಹೇಳಲು ಮಾಧವ ಮಾಸ್ತರನನ್ನು ಕರೆಯುತ್ತಿದ್ದರು.

ಅದೇ ಮಾಸ್ತರ ತಮ್ಮ ಕಾಗದಗಳನ್ನು ತಮಗಿಂತ ಮೊದಲೇ ಓದಿರುತ್ತಾನೆ ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಆರು ತಿಂಗಳ ಹಿಂದೆ ಬೀದರದಿಂದ ಖುಫಿಯಾ ಸಾಹೇಬ, ಅಂದರೆ ಗುಪ್ತ ಪೊಲೀಸಿನವ, ಬಂದಿದ್ದ. ಮಾಸ್ತರನ ಟ್ರಂಕಿನ ತಳದಿಂದ ಸೊಲ್ಲಾಪುರದ ಪತ್ರಿಕೆಯೊಂದನ್ನು ಎರಡು ಬೆರಳಲ್ಲಿ ಎತ್ತಿ ತೋರಿಸಿದ್ದ. ನಿಜಾಮರ ರಾಜ್ಯದಲ್ಲಿ ಆ ಪತ್ರಿಕೆ ಇಟ್ಟುಕೊಂಡವನಿಗೆ ಜೈಲು. ಸಾಹೇಬ ಸಿಟ್ಟಾಗಲಿಲ್ಲ, ನಕ್ಕ. ಕನ್ನಡ, ಮರಾಠಿ ಓದಿ ಉರ್ದುವಿನಲ್ಲಿ ಬರೆದುಕೊಡುವವನೊಬ್ಬ ತನಗೆ ಬೇಕಾಗಿತ್ತು ಎಂದ. ಮಾಸ್ತರ ಹುಲಿಯೇನಲ್ಲ. ಶಾಲೆಯ ಮಕ್ಕಳ ಮುಂದೆ ಮಾತ್ರ ಅವನ ಆರ್ಭಟ. ಕೂತಲ್ಲೇ ಒಪ್ಪಿಕೊಂಡ.

ಅಂದಿನಿಂದ ಮಧ್ಯಾಹ್ನ ಊಟದ ಹೊತ್ತಿಗೆ ಪೇದೆ ಕರೀಮ ಸಾಬ ಟಪಾಲು ಕಚೇರಿಯಿಂದ ಲಕೋಟೆಗಳ ಕಟ್ಟನ್ನು ತಂದು ಹಿತ್ತಿಲಲ್ಲಿ ಕೂರುತ್ತಿದ್ದ. ಹೆಂಡತಿ ಜಾನಕಿಬಾಯಿ ಅನ್ನದ ಪಾತ್ರೆಯ ಮುಚ್ಚಳ ಸರಿಸುತ್ತಿದ್ದಳು. ಲಕೋಟೆಯನ್ನು ಆ ಹಬೆಗೆ ಹಿಡಿದರೆ ಅಂಟು ಬಿಡುತ್ತಿತ್ತು. ಅವಳು ಮುಖ ಆ ಕಡೆ ಮಾಡಿಕೊಂಡೇ ನಿಲ್ಲುತ್ತಿದ್ದಳು.

ಆ ಸೋಮವಾರದ ಕಟ್ಟಿನಲ್ಲಿ ಹಾವಗೆಪ್ಪನ ಕಾಗದವಿತ್ತು. ಹಾವಗೆಪ್ಪ ಎದುರುಮನೆಯ ಅನುಸೂಯಾಬಾಯಿಯ ಗಂಡ, ತೊಗರಿ ವ್ಯಾಪಾರಿ. ಔರಾದಿನಲ್ಲಿ ಪರವಾನಗಿ ಇಲ್ಲದೆ ಸಭೆ ಮಾಡಿ, ಪೊಲೀಸರು ಬರುವಷ್ಟರಲ್ಲಿ ನಿಜಾಮರ ಗಡಿ ದಾಟಿ ಸೊಲ್ಲಾಪುರ ಸೇರಿದವನು. ತಾನು ಕ್ಷೇಮ ಎಂದು ಬರೆದಿದ್ದ. ಕೊನೆಗೆ, ‘ಅಮಾಸಿ ದಿನ ಚಿಂತಾಕಿಗಿ ಬರ್ತೇನಿ, ಮಗಳನ್ನ ಕರಕೊಂಡು ಬಾ, ಒಮ್ಮೆ ಮಾರಿ ನೋಡ್ತೇನಿ.’

ಈ ಸಾಲನ್ನು ಉರ್ದುವಿಗೆ ಇಳಿಸಿದರೆ ಔರಾದಿನ ಬದಿಯ ಚಿಂತಾಕಿ ಹಳ್ಳಿಯಲ್ಲಿ ಹಾವಗೆಪ್ಪನಿಗಿಂತ ಮೊದಲು ಪೊಲೀಸರಿರುತ್ತಾರೆ. ಆರು ತಿಂಗಳಲ್ಲಿ ಮೊದಲ ಸಲ ಮಾಸ್ತರ ಒಂದು ಸಾಲು ನುಂಗಿಬಿಟ್ಟ.

“ಜಲ್ದಿ ಮಾಡ್ರಿ, ಮಾಸ್ತರ್ ಸಾಬ್,” ಎಂದು ಹಿತ್ತಿಲಿನಿಂದ ಕರೀಮ ಸಾಬ ಕೂಗಿದ. ಮಾಸ್ತರ ಅವಸರದಲ್ಲಿ ಹಾಳೆಯನ್ನು ಒಳಗೆ ತುರುಕಿದ. ಹಬೆಗೆ ನೆನೆದಿದ್ದ ಲಕೋಟೆಯ ಮೂಲೆ ಕಿತ್ತು ಬೆರಳಿಗೆ ಬಂತು. ಗೋಂದು ಬಳಿದು ಕೂರಿಸಿದ. ಹಸಿ ಕಾಗದ, ಹಸಿ ಗೋಂದು. ನಿಲ್ಲಲಿ ದೇವರೇ ಎಂದು ಕೈಮುಗಿದು ಕಳಿಸಿದ.

ನಿಲ್ಲಲಿಲ್ಲ. ಮರುದಿನ ಎದುರುಮನೆಯಿಂದ ಚೀರಾಟ ಕೇಳಿತು. ಮಾಸ್ತರ ಓಡಿದ. ಅನುಸೂಯಾಬಾಯಿ ಹರಿದ ಮೂಲೆ ನೋಡಿದ್ದೇ ತಡ, ಲಕೋಟೆಯನ್ನು ಕೈಬಿಟ್ಟಿದ್ದಳು. ಅದು ದನಗಳ ನೀರಿನ ಬಾನಿಗೆ ಬಿದ್ದಿತ್ತು. ಯಾರೋ ಎತ್ತಿ ಮಾಸ್ತರನ ಕೈಗಿಟ್ಟರು. ಒಳಗಿನ ಹಾಳೆಯಲ್ಲಿ ಒಂದಕ್ಷರವೂ ಉಳಿದಿರಲಿಲ್ಲ, ಬರೀ ನೀಲಿ.

“ಕ್ಷೇಮ ಅಂತ ಬರದಾರ, ಅಕ್ಕಾ,” ಎಂದ ಮಾಸ್ತರ. “ಜೀವಂತ ಇದ್ದಾರ.”

“ಸುಳ್ಳು ಸಮಾಧಾನ ಬ್ಯಾಡ್ರಿ, ಮಾಸ್ತರ. ನನಗ ಓದಾಕ ಬರಂಗಿಲ್ಲ, ಖರೆ. ಕಣ್ಣರೆ ಅದಾವ ಇಲ್ಲೋ?” ಎಂದವಳೇ ಕೈಗೆ ಸಿಕ್ಕ ಕಲ್ಲೆತ್ತಿ ಬಳೆಯ ಮೇಲೆ ಹಿಡಿದಳು. ನಾಲ್ಕು ವರ್ಷದ ಮಗಳು ತಾಯಿಯ ಸೆರಗು ಹಿಡಿದು ಬಿಕ್ಕುತ್ತಿದ್ದಳು.

ಮಾಸ್ತರ ಬಾಗಿಲ ಕಡೆ ನೋಡಿದ. ಗದ್ದಲ ಕೇಳಿ ಬಂದಿದ್ದ ಕರೀಮ ಸಾಬ ಅಲ್ಲೇ ನಿಂತಿದ್ದ. ಸುಮ್ಮನಿದ್ದರೆ ತಾನು ಉಳಿಯುತ್ತೇನೆ ಎಂದು ಮಾಸ್ತರನಿಗೆ ಚೆನ್ನಾಗಿ ಗೊತ್ತಿತ್ತು. ಗಂಡ ಬದುಕಿರುವಾಗಲೇ ಈಕೆ ವಿಧವೆಯಾಗುತ್ತಾಳೆ, ಅಮಾವಾಸ್ಯೆಯ ದಿನ ಅವನು ಚಿಂತಾಕಿಯಲ್ಲಿ ದಾರಿ ಕಾಯುತ್ತಾನೆ, ಅಷ್ಟೇ. ಕಲ್ಲು ಮೇಲೆದ್ದಿತು. ಮಾಸ್ತರ ಅವಳ ಕೈ ಹಿಡಿದ.

“ನಿನ್ನೆ ನಾನಽ ಒಡದು ಓದೇನಿ! ಮೂಲಿ ಹರದದ್ದು ನನ್ನ ಕೈಲೆ. ನಿಮ್ಮೆಲ್ಲಾರ ಕಾಗದ ನಾ ಓದತೇನಿ, ಓದಿ ಸರಕಾರಕ್ಕ ಬರದು ಕೊಡತೇನಿ.”

ಅಂಗಳದವರು ಹಿಂದೆ ಸರಿದರು. ಮಾಸ್ತರ ಬಗ್ಗಿ ಅವಳ ಕಿವಿಯಲ್ಲಿ ಮಾತ್ರ ಚಿಂತಾಕಿಯ ಮಾತು ಹೇಳಿದ. ಅವಳು ಕಲ್ಲು ಕೆಳಗಿಟ್ಟು, ಅವನು ಹಿಡಿದಿದ್ದ ಕೈಯನ್ನು ಸೆರಗಿನಿಂದ ಒರೆಸಿಕೊಂಡಳು. ಅದು ಅವನಿಗೆ ನೆಟ್ಟಗೆ ತಾಗಿತು. ತಲೆ ಎತ್ತಿದಾಗ ಬಾಗಿಲಲ್ಲಿ ಕರೀಮ ಸಾಬ ಇರಲಿಲ್ಲ.

ಆಮೇಲಿನ ಮೂರು ದಿನ ಯಾವ ಕುದುರೆಯ ಸದ್ದಾದರೂ ಮಾಸ್ತರ ಎದ್ದು ಬಾಗಿಲಿಗೆ ಹೋಗುತ್ತಿದ್ದ. ಯಾರೂ ಹಿಡಿಯಲು ಬರಲಿಲ್ಲ, ಯಾರೂ ಓದಿಸಲೂ ಬರಲಿಲ್ಲ. ಅಮಾವಾಸ್ಯೆಯ ಬೆಳಿಗ್ಗೆ ಎದುರುಮನೆಗೆ ಬೀಗ ಬಿದ್ದಿತ್ತು. ಮರುದಿನ ಅನುಸೂಯಾಬಾಯಿ ಮಗಳೊಡನೆ ಹಿಂತಿರುಗಿದಳು. ಮಾಸ್ತರನ ಕಟ್ಟೆಯ ಬಳಿ ನಿಂತು, ಅವನ ಮುಖ ನೋಡದೆ ಹೇಳಿದಳು: “ಭೆಟ್ಟಿ ಆದ್ರು. ಇನ್ನ ಮ್ಯಾಲೆ ಕಾಗದ ಬರಿಯಂಗಿಲ್ಲಂತ. ನಿಮಗೂ ಊರು ಬಿಡ್ರಿ ಅಂತ ಹೇಳು ಅಂದಾರ.”

ಅಂದೇ ಮಧ್ಯಾಹ್ನ ಕರೀಮ ಸಾಬ ಬಂದ. ಕಟ್ಟು ತಂದಿರಲಿಲ್ಲ, ಒಂದೇ ಲಕೋಟೆ. ಕಣ್ಣಿಗೆ ಕಣ್ಣು ಕೊಡದೆ ಕೊಟ್ಟು ಹೋದ. ಅದರ ಒಂದು ಮೂಲೆಯನ್ನು ಕತ್ತರಿಯಿಂದ ನೀಟಾಗಿ ಕತ್ತರಿಸಲಾಗಿತ್ತು.

“ಒಳಗ ತರಬ್ಯಾಡ್ರಿ!” ಎಂದು ಜಾನಕಿಬಾಯಿ ಹೊಸ್ತಿಲಲ್ಲೇ ತಡೆದಳು. “ಯಾರು ಹೋದ್ರು?”

ಮಾಸ್ತರ ಲಕೋಟೆ ಒಡೆದು ತಲೆಕೆಳಗು ಮಾಡಿ ಝಾಡಿಸಿದ. ಒಂದು ಚೂರೂ ಉದುರಲಿಲ್ಲ.

“ಒಳಗ ಏನೂ ಇಲ್ಲ,” ಎಂದ. “ಹೊರಗ ನನ್ನ ಹೆಸರು ಅದ.”

ಜಾನಕಿಬಾಯಿ ಕತ್ತರಿಸಿದ ಮೂಲೆಯನ್ನು ನೋಡಿದಳು, ಗಂಡನನ್ನು ನೋಡಿದಳು. ಒಲೆಯ ಮೇಲಿನ ಅರೆಬೆಂದ ಅನ್ನವನ್ನು ಇಳಿಸಿ, ಬೆಂಕಿಗೆ ನೀರು ಹಾಕಿ, ಮೂಲೆಯಲ್ಲಿದ್ದ ಟ್ರಂಕನ್ನು ಎಳೆದು ಬಟ್ಟೆ ತುಂಬತೊಡಗಿದಳು.