ಬಸವಲಿಂಗಪ್ಪ ಮಾಸ್ತರರ ಎಡಗಾಲಿನ ಗೀಟುಗಳು

ಹೈದರಾಬಾದಿನ ಅಮೀರ್‌ಪೇಟೆಯ ಕೋಚಿಂಗ್ ಸೆಂಟರಿನಲ್ಲಿ ಜಾವಾ ಎಂಬ ಕಂಪ್ಯೂಟರ್ ಭಾಷೆ ಕಲಿಸುತ್ತಿದ್ದ ಬಸವಲಿಂಗಪ್ಪ ಮಾಸ್ತರರಿಗೆ ಎರಡು ಹೆಮ್ಮೆಗಳಿದ್ದವು. ದಿನಕ್ಕೆ ಎಂಟು ತಾಸು ಪಾಠ ಮಾಡಿದರೂ ಅವರು ಕುರ್ಚಿ ಮುಟ್ಟುತ್ತಿರಲಿಲ್ಲ. ಪಾಠ ಮುಗಿಸಿ "ಡೌಟ್ಸ್?" ಎಂದರೆ ಇನ್ನೂರು ಜನರಲ್ಲಿ ಒಂದು ಕೈಯೂ ಏಳುತ್ತಿರಲಿಲ್ಲ. ಪಕ್ಕದ ಕೋಣೆಯ ಸುಬ್ಬರಾಯರನ್ನಾದರೆ ಹುಡುಗರು ಕ್ಲಾಸು ಬಿಟ್ಟ ಮೇಲೂ ಅರ್ಧ ತಾಸು ಮುತ್ತಿಕೊಂಡಿರುತ್ತಿದ್ದರು. ಪಾಪ, ಅವರಿಗೆ ತಿಳಿಸಿ ಹೇಳಲು ಬರುವುದಿಲ್ಲ ಎಂದು ಮಾಸ್ತರರು ಮನಸಾರೆ ಮರುಗುತ್ತಿದ್ದರು.

ಸಿವಿಲ್ ಓದಿದವರೂ ಮೆಕ್ಯಾನಿಕಲ್ ಓದಿದವರೂ ಜಾವಾ ಕಲಿಯಲು ಹೈದರಾಬಾದಿಗೆ ಓಡಿಬರುತ್ತಿದ್ದ ಕಾಲ ಅದು. ಬ್ಯಾಚುಗಳು ಹೆಚ್ಚಿದಂತೆ ಮೊದಲ ಹೆಮ್ಮೆ ಎಡಗಾಲಿಗೆ ಇಳಿಯಿತು. ನರಗಳು ಉಬ್ಬಿ, ನೀಲಿಗಟ್ಟಿ, ಗಂಟುಗಂಟಾಗಿ ತೊಡೆಯಿಂದ ಕೆಳಗೆ ಹರಿದಾಡಿದವು. ಪಾದದ ಹರಡಿನ ಮೇಲೆ ಹುಣ್ಣೊಂದು ಎದ್ದು ನಾಲ್ಕು ತಿಂಗಳಾದರೂ ಮಾಯಲಿಲ್ಲ. ಮಾಸ್ತರರು ಅದಕ್ಕೆ ಬೂಟು ಕಚ್ಚಿದ ಗಾಯ ಎಂದು ಹೆಸರಿಟ್ಟು ಕಾಲುಚೀಲದೊಳಗೆ ಮುಚ್ಚಿಟ್ಟರು. ಚೀಲ ಒಗೆಯುವಾಗ ಕೀವು ಕಂಡ ಹೆಂಡತಿ ನೀಲಾ ಅಂದೇ ಅವರನ್ನು ಆಸ್ಪತ್ರೆಗೆ ಆಟೋ ಹತ್ತಿಸಿದಳು.

ಡಾಕ್ಟರ್ ಗೋಪಿನಾಥ ರಾಯಚೂರು ಕಡೆಯವರು. ಮಾಸ್ತರರನ್ನು ನಿಲ್ಲಿಸಿ, ಕಾಲಿಗೆ ತಣ್ಣನೆಯ ಜೆಲ್ಲಿ ಹಚ್ಚಿ ಸ್ಕ್ಯಾನ್ ಮಾಡಿದರು.

"ವೆರಿಕೋಸ್ ವೇನ್ಸ್ ರೀ. ಮ್ಯಾಲೆ ಹೋದ ರಕ್ತ ಕೆಳಗ ಇಳೀಬಾರ್ದು ಅಂತ ನರದಾಗ ಸಣ್ಣ ಬಾಗಿಲಾ ಇರ್ತಾವ. ನಿಮ್ಮವು ಕೆಟ್ಟಾವ. ನೀವು ನಿಂತಷ್ಟೂ ರಕ್ತ ಅಲ್ಲೇ ತುಂಬ್ತೈತಿ. ಆಪರೇಶನ್ ಆಗೂತನಕ ಈ ಹುಣ್ಣು ಮಾಯಂಗಿಲ್ಲ."

ಆಪರೇಶನ್ನಿನ ಹಿಂದಿನ ಸಂಜೆ ಡಾಕ್ಟರು ಮತ್ತೆ ಅವರನ್ನು ನಿಲ್ಲಿಸಿ, ನರಗಳ ಮೇಲೆ ಕಪ್ಪು ಪೆನ್ನಿನಿಂದ ಗೀಟು ಎಳೆದು, ಗಂಟಿದ್ದಲ್ಲೆಲ್ಲ ಸುತ್ತು ಹಾಕಿದರು. ಜೊತೆಗೆ ಏನೋ ಹೇಳುತ್ತಿದ್ದರು; ನೀಲಾ ಪಕ್ಕದಲ್ಲೇ ನಿಂತು ಕೇಳುತ್ತಿದ್ದಳು. ಮಾಸ್ತರರು ಕೇಳಿಸಿಕೊಳ್ಳಲಿಲ್ಲ; ಚಿತ್ರ ಇನ್ನೂ ನೀಟಾಗಿ ಬರೆಯುವುದು ಹೇಗೆಂದು ಡಾಕ್ಟರಿಗೇ ಹೇಳಿಕೊಡುತ್ತಿದ್ದರು.

ಮರುದಿನ ನಸುಕಿನಲ್ಲಿ ಮಿಯಾಪುರದ ತಮ್ಮ ಮನೆಯಲ್ಲಿ ಮಾಸ್ತರರು ಲಿಂಗಪೂಜೆಗೆ ಮುನ್ನ ಸ್ನಾನಕ್ಕಿಳಿದರು. ಚಿತ್ರ ಇರುವುದು ತಿಳಿಸಿ ಹೇಳುವುದಕ್ಕೆ; ಪಾಠ ಮುಗಿದ ಮೇಲೆ ಬೋರ್ಡು ಒರೆಸಬೇಕು. ಇದು ಹತ್ತು ವರ್ಷದ ರೂಢಿ. ಕಡಲೆಹಿಟ್ಟು ಹಚ್ಚಿ, ನಾರಿನಿಂದ ತಿಕ್ಕಿ ತಿಕ್ಕಿ ಕಾಲನ್ನು ಬೆಳ್ಳಗೆ ಮಾಡಿದರು.

ಪೂಜೆ ಮುಗಿಸಿ ಎದ್ದಾಗ ನೀಲಾ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. "ಗೀಟು ಎಲ್ಲಿ ಹೋದ್ವುರಿ? ಅಳಿಸಬ್ಯಾಡ್ರಿ ಅಂತ ಡಾಕ್ಟರು ಎರಡು ಸಲ ಹೇಳಿದ್ರಲ್ಲ! ಮಲಗಿದ್ರ ನರ ಕಾಣಂಗಿಲ್ಲ, ಗೀಟು ನೋಡೇ ಕೊಯ್ಯೂದು ಅಂದ್ರು."

"ನೀ ಸುಮ್ಮನಿರು. ನನಗ ಎಲ್ಲಾ ನೆನಪೈತಿ."

"ಹೋದ ಕೂಡ್ಲೇ ಡಾಕ್ಟರ್ಗೆ ಹೇಳ್ರಿ ಅಂತೀನಿ."

ಹೇಳುವುದೇ? ಪಾಠ ಕೇಳಿಸಿಕೊಳ್ಳಲಿಲ್ಲ ಎಂದು, ಮಾಸ್ತರನಾಗಿ? ಅವರು ಕ್ಲಾಸಿಗೆ ಒಯ್ಯುವ ಚೀಲದಿಂದ ಮಾರ್ಕರ್ ತೆಗೆದು ನೆನಪಿನ ಮೇಲೆ ತಾವೇ ಗೀಟು ಎಳೆದುಕೊಂಡರು. ಕೈ ಸುಮ್ಮನಿರದೆ ಅಲ್ಲಲ್ಲಿ ಬಾಣದ ಗುರುತನ್ನೂ ಹಾಕಿತು.

ಆಪರೇಶನ್ ಟೇಬಲ್ಲಿನ ಮೇಲೆ ಮಲಗಿ, ಹೊದಿಕೆ ಎತ್ತಿ ಮಾಸ್ತರರು ಕಾಲು ನೋಡಿಕೊಂಡರು. ಉಬ್ಬಿದ್ದ ನರಗಳೆಲ್ಲ ಮಾಯ. ಉಳಿದದ್ದು ಅವರ ಕೈಬರಹ ಮಾತ್ರ. ಇನ್ನು ಡಾಕ್ಟರು ಕತ್ತರಿಸುವುದು ಕಾಲು ನೋಡಿ ಅಲ್ಲ, ಬಸವಲಿಂಗಪ್ಪನ ನೆನಪು ನೋಡಿ. ಆ ನೆನಪಿನ ಯೋಗ್ಯತೆ ಅವರಿಗೇ ಚೆನ್ನಾಗಿ ಗೊತ್ತಿತ್ತು.

ಅರಿವಳಿಕೆಗೆಂದು ಬೆನ್ನಿಗೆ ಚುಚ್ಚುವ ಸೂಜಿ ಸಿದ್ಧವಾಗುತ್ತಿತ್ತು. ಬಾಯಿ ತೆರೆದರೆ ಮರ್ಯಾದೆ ಹೋಗುತ್ತದೆ, ತೆರೆಯದಿದ್ದರೆ ಹುಣ್ಣು ಹೋಗುವುದಿಲ್ಲ. ಕೈ ಎತ್ತುವುದು ಇಷ್ಟು ಕಷ್ಟದ ಕೆಲಸವೆಂದು ಅವರಿಗೆ ಗೊತ್ತೇ ಇರಲಿಲ್ಲ. ಕೊನೆಗೂ ಹೆದರಿಕೆಯೇ ಗೆದ್ದು ಬಲಗೈ ಮೇಲಕ್ಕೆ ಹೋಯಿತು.

"ಸರ್... ಒಂದು ಡೌಟ್ ಐತ್ರಿ."

ಕತೆ ಕೇಳಿ ಡಾಕ್ಟರು ಹೊದಿಕೆ ಸರಿಸಿದರು. "ಈ ಬಾಣಾ ಯಾಕ್ರಿ?"

"ರಕ್ತ ಯಾವ ಕಡೆ ಹೋಗ್ತೈತಿ ಅಂತ ತೋರ್ಸಾಕ್ರಿ."

"ಅವೂ ಉಲ್ಟಾ ಅದಾವು." ನರ್ಸು ಮುಖ ತಿರುಗಿಸಿ ನಕ್ಕಳು. ಡಾಕ್ಟರು ಮಾಸ್ತರರನ್ನು ಇಳಿಸಿ, ನಿಲ್ಲಿಸಿ, ಎಲ್ಲ ಒರೆಸಿ ಹೊಸದಾಗಿ ಗೀಟು ಹಾಕಿದರು. ಮೊಣಕಾಲಿನ ಹಿಂದೆ ಒಂದು ದೊಡ್ಡ ಸುತ್ತು ಬಿತ್ತು. "ಎಲ್ಲಾಕ್ಕಿಂತ ಕೆಟ್ಟ ಗಂಟು ಇದು ನೋಡ್ರಿ. ನಿಮ್ಮ ಚಿತ್ರದಾಗ ಇರಲೇ ಇಲ್ಲ. ಕೇಳಿದ್ದು ಭಾಳ ಚಲೋ ಆತು."

ಮೂರು ವಾರದ ನಂತರ, ಹುಣ್ಣು ಒಣಗಿ, ಬಿಗಿಯಾದ ಉದ್ದ ಕಾಲುಚೀಲ ತೊಟ್ಟು ಮಾಸ್ತರರು ಅರ್ಧಕ್ಕೆ ನಿಂತಿದ್ದ ಬ್ಯಾಚಿನ ಮುಂದೆ ಬಂದರು. ಡಾಕ್ಟರ ಅಪ್ಪಣೆಯಂತೆ ಕುರ್ಚಿಯಲ್ಲಿ ಕುಳಿತರು. ಹುಡುಗರು ಕಕ್ಕಾಬಿಕ್ಕಿಯಾದದ್ದು ನೋಡಿ ಕಡಲೆಹಿಟ್ಟಿನಿಂದ ಬಾಣದವರೆಗೆ ಒಂದನ್ನೂ ಬಿಡದೆ ಹೇಳಿದರು. ಕ್ಲಾಸು ಬಿದ್ದು ಬಿದ್ದು ನಕ್ಕಿತು. ಮಾಸ್ತರರೂ ನಕ್ಕರು. ಆಮೇಲೆ ಎಂದಿನಂತೆ ಒಂದೂವರೆ ತಾಸು ಪಾಠ ಮಾಡಿ ಕೇಳಿದರು: "ಡೌಟ್ಸ್?"

ಈ ಸಲ ಕೊನೆಯ ಸಾಲಿನಲ್ಲಿ ಸಿಂಚನಾ ಎಂಬ ಮೈಸೂರಿನ ಹುಡುಗಿಯ ಕೈ ಅಳುಕುತ್ತ ಮೇಲೆದ್ದಿತು.

"ಸರ್, ಬೇಜಾರು ಮಾಡ್ಕೋಬೇಡಿ. ಮೊದಲ್ನೇ ದಿನದಿಂದ್ಲೂ ನಂಗೆ ಏನೂ ಅರ್ಥ ಆಗಿಲ್ಲ."

ಅವಳ ಪಕ್ಕದಲ್ಲಿ ಇನ್ನೊಂದು ಕೈ ಎದ್ದಿತು. ಮುಂದಿನ ಸಾಲಿನಲ್ಲಿ ನಾಲ್ಕು ಎದ್ದವು. ಮಾಸ್ತರರು ಎಣಿಸಲು ಶುರು ಮಾಡಿ, ಅರವತ್ತು ದಾಟಿದ ಮೇಲೆ ಬಿಟ್ಟುಬಿಟ್ಟರು. ಸುಬ್ಬರಾಯರ ನೆನಪಾಗಿ ಅವರಿಗೆ ಮೈಯೆಲ್ಲ ನಾಚಿಕೆಯಾಯಿತು. ಬೋರ್ಡು ಒರೆಸಲು ಏಳಹೋದವರು ಮತ್ತೆ ಕುಳಿತು, ಕುರ್ಚಿಯನ್ನು ಹುಡುಗರ ಹತ್ತಿರಕ್ಕೆ ಎಳೆದುಕೊಂಡು, "ನೀ ಹೇಳವ್ವ," ಎಂದರು, "ಎಲ್ಲಿಂದ ತಿಳೀಲಿಲ್ಲ?"