ನಿಂತಲ್ಲೇ ಸೋರುವ ಕಾರು

ಕಾರಿನಡಿ ಹಾಸಿದ್ದ ರಟ್ಟು ಮತ್ತೆ ಕೆಂಪಗೆ ನೆನೆದಿತ್ತು. ಟೈಲರಮ್ಮ ಅದನ್ನೆಳೆದು ಬಿಸಾಡಿ ಇನ್ನೊಂದು ಹಾಸಿದಳು. ಸೋರುತ್ತಿದ್ದುದು ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್. ಸೋರಿದಷ್ಟನ್ನೂ ಅವಳು ವಾರವಾರ ಮೇಲಿನಿಂದ ಸುರಿಯುತ್ತಿದ್ದಳು, ಅದು ಅಷ್ಟೇ ನಿಯತ್ತಾಗಿ ಕೆಳಗಿಳಿಯುತ್ತಿತ್ತು.

ದೊಡ್ಡ ಗ್ಯಾರೇಜಿನವನು ಬಂದು ನೋಡಿ, ನಲವತ್ತೆರಡು ವರ್ಷದ ಕಾರು, ಗೇರ್‌ಬಾಕ್ಸ್ ಇಳಿಸಿ ಪೂರ್ತಿ ಬಿಚ್ಚಬೇಕು ಎಂದು ಒಂದು ಮೊತ್ತ ಬರೆದುಕೊಟ್ಟಿದ್ದ. ಅವಳು ಅದನ್ನು ತನ್ನ ಲೆಕ್ಕಕ್ಕಿಳಿಸಿಕೊಂಡಳು: ಮುನ್ನೂರ ನಲವತ್ತು ಜೊತೆ ಸ್ಕೂಲ್ ಯೂನಿಫಾರಂ. ಅಷ್ಟು ಹೊಲಿಯುವಷ್ಟರಲ್ಲಿ ಅವಳ ಸೊಂಟವೂ ರಿಪೇರಿಗೆ ಬರುತ್ತಿತ್ತು.

ಮೈದುನ ಕೆಟ್ಟವನಲ್ಲ, ಬಾಯಿ ಮಾತ್ರ ಸುಮ್ಮನಿರುವುದಿಲ್ಲ. ಅಣ್ಣ ಹೋಗಿ ಎರಡು ವರ್ಷವಾಯಿತು, ಈ ಬಿಳಿಯಾನೆ ಯಾಕೆ, ಹಳೇ ಕಾರಿನ ಹುಚ್ಚಿರುವವನೊಬ್ಬ ಸಿಕ್ಕಿದ್ದಾನೆ, ಶನಿವಾರ ಕರೆತರುತ್ತೇನೆ ಎಂದ. ಅವಳು ಹೂಂ ಎಂದಳು.

ಹೂಂ ಎಂದದ್ದೇನೋ ಸರಿ, ಆಮೇಲೆ ಹೊಲಿಗೆ ಬಿಟ್ಟು ಮತ್ತೆ ಕಾರಿನ ಹತ್ತಿರ ಹೋಗಿ ನಿಂತಳು. ಚಿಕ್ಕಂದಿನಿಂದ ಅವಳ ಎಡಗಾಲು ಮಡಚುವುದಿಲ್ಲ. ಕ್ಲಚ್ ತುಳಿಯುವ ಯಾವ ಗಾಡಿಯೂ ಅವಳ ಪಾಲಿಗಿಲ್ಲ, ಹೊಸ ಆಟೊಮ್ಯಾಟಿಕ್ ಕೊಳ್ಳುವುದು ಕನಸಿನ ಮಾತು. ಗಂಡ ಊರೂರು ಅಲೆದು ಇದನ್ನು ತಂದದ್ದೇ ಅವಳಿಗಾಗಿ. ಹನ್ನೊಂದು ವರ್ಷ ಬಟ್ಟೆಯ ಥಾನು ಹೇರಿಕೊಂಡು ಓಡಿಸಿದ್ದಳು. ಅವನು ಹೋದ ಮೇಲೆ, ಅವನ ವಸ್ತು ಹಾಳಾಗಬಾರದೆಂದು ಕವರು ಹೊದಿಸಿಟ್ಟು, ತಾನು ಹತ್ತಲಾರದ ಬಸ್ಸಿನ ಮೆಟ್ಟಿಲು ಹತ್ತಿದಳು. ಇದಕ್ಕೆ ಪ್ರೀತಿ ಎನ್ನಬೇಕೋ ಪೆದ್ದುತನ ಎನ್ನಬೇಕೋ, ನೀವೇ ಹೇಳಿ.

ಶುಕ್ರವಾರ ಗ್ರೀಸ್ ಮಾಮನನ್ನು ಕರೆಸಿ, ನಾಳೆ ಕಾರು ಕೊಳ್ಳುವವನು ಬರುತ್ತಾನೆ ಎಂದಳು. ಗಂಡನ ಕಾಲದ ಮೆಕ್ಯಾನಿಕ್. ಅವನು ಮುಟ್ಟಿದ ಲೋಟವನ್ನು ಮೂರು ಸಲ ತೊಳೆದರೂ ಬೆರಳಚ್ಚು ಹೋಗುತ್ತಿರಲಿಲ್ಲ. ಕಾರಿನಡಿ ಕಾಲು ಗಂಟೆ ಮಲಗಿ ಈಚೆ ಬಂದು, ಕೊನೇ ಸಲ ಓಡಿಸಿದ್ದು ಯಾವಾಗ ಎಂದು ಕೇಳಿದ. ಎರಡು ವರ್ಷದಿಂದ ಒಂದು ಗೆರೆಯೂ ಬೀಳದ ಹಾಗೆ ಇಟ್ಟಿದ್ದೇನೆ ಎಂದು ಅವಳು ಹೆಮ್ಮೆಯಿಂದಲೇ ಹೇಳಿದಳು.

"ಅದಕ್ಕೇ ಕಣಮ್ಮ ಸೋರ್ತಿರೋದು."

ನಿಂತ ಕಾರಿನಲ್ಲಿ ಮೇಲಿನ ಆಯಿಲೆಲ್ಲ ಕೆಳಗಿನ ತಟ್ಟೆಗಿಳಿಯುತ್ತದೆ, ತಟ್ಟೆ ತುಂಬಿ ಗೇರ್ ಕಡ್ಡಿಯ ತೂತಿನವರೆಗೂ ಏರುತ್ತದೆ, ಅಲ್ಲಿನ ರಬ್ಬರ್ ಒಣಗಿ ಬಿರಿದಿದೆ ಎಂದು ವಿವರಿಸಿದ. ಸಾಲದ್ದಕ್ಕೆ ಇವಳು ಬೇರೆ ಸುರಿಯುತ್ತಿದ್ದಳು. ಬಿಚ್ಚುವಂಥದ್ದೇನೂ ಇಲ್ಲ. ಕೋಟಿನ ಗುಂಡಿಯಷ್ಟೇ ಇರುವ ರಬ್ಬರ್ ಉಂಗುರ, ಹೊಸ ಆಯಿಲ್, ಬ್ಯಾಟರಿ, ಅವನ ಕೂಲಿ: ಇಪ್ಪತ್ತಾರು ಜೊತೆ ಯೂನಿಫಾರಂ.

"ಆದ್ರೆ ವಾರಕ್ಕೆ ಎರಡು ಸಲ ಅರ್ಧರ್ಧ ಗಂಟೆ ಓಡಿಸ್ಬೇಕು. ಆಗಲ್ಲ ಅಂದ್ರೆ ನಾಳೆ ಬರೋನಿಗೇ ಕೊಟ್ಬಿಡಿ."

ಸಂಜೆ ನಾಲ್ಕಕ್ಕೆ ಕೆಲಸ ಮುಗಿಯಿತು. ಇಂಥ ಗೇರ್‌ಬಾಕ್ಸಿನ ಆಯಿಲ್ ಮಟ್ಟವನ್ನು ಎಂಜಿನ್ ಚಾಲೂ ಇದ್ದು ಬಿಸಿಯಾದ ಮೇಲೇ ನೋಡಬೇಕು. ಬ್ರೇಕ್ ತುಳಿದು ಕೂರಲು ಒಬ್ಬರು ಬೇಕು. ಮಾಮ ಬಾಗಿಲು ತೆರೆದು ಹಿಡಿದ.

ಕೂತಳು. ಕಾಲು ಬ್ರೇಕಿಗೆ ಎಟುಕಲಿಲ್ಲ. ಸೀಟು ಗಂಡನ ಉದ್ದ ಕಾಲಿನ ಅಳತೆಗೆ ಹಿಂದಕ್ಕೇ ಇತ್ತು. ಹನ್ನೊಂದು ವರ್ಷ ಇಬ್ಬರಿಗೂ ಇದೇ ಜಗಳ: ಅವಳು ಮುಂದಕ್ಕೆಳೆಯುವುದು, ಅವನು ಗೊಣಗುತ್ತ ಹಿಂದಕ್ಕೆ ತಳ್ಳುವುದು. ಈಗ ಎಳೆದರೆ ಹಿಂದಕ್ಕೆ ತಳ್ಳುವವರಿಲ್ಲ. ಸೀಟಿನಡಿಯ ಸನ್ನೆಕಡ್ಡಿ ಹಿಡಿದ ಕೈ ಸುಮಾರು ಹೊತ್ತು ಹಾಗೇ ಇತ್ತು. ಆಮೇಲೆ ಎಳೆದಳು. ಸೀಟು ಮುಂದೆ ಬಂತು, ಅದರ ಜೊತೆಗೇ ಅಳುವೂ ಬಂತು.

ಕೀಲಿ ತಿರುಗಿಸಿದಳು. ಎಂಜಿನ್ ಬಿಸಿಯಾಗಲು ಹತ್ತು ನಿಮಿಷ ಸಾಕು. ಮಾಮ ಇಪ್ಪತ್ತು ನಿಮಿಷ ಬಾನೆಟ್ಟಿನ ಹಿಂದಿನಿಂದ ತಲೆಯೆತ್ತಲಿಲ್ಲ. ಕೊನೆಗೆ ಆಯಿಲ್ ಅಳೆಯುವ ಕಡ್ಡಿ ಎಳೆದು ನೋಡಿ, ಸರಿಯಾಗಿದೆ ಎಂದ.

ಅವಳು ಮೂಗೊರೆಸಿಕೊಂಡು ಮೈದುನನಿಗೆ ಫೋನ್ ಮಾಡಿದಳು. ನಾಳೆ ಯಾರನ್ನೂ ಕರೆತರಬೇಡ, ಬಟ್ಟೆ ತರಲು ಹೋಗುತ್ತಿದ್ದೇನೆ ಎಂದಳು. ಯಾವುದರಲ್ಲಿ ಎಂದು ಅವನು ಕೇಳಿದ.

"ನನ್ನ ಕಾರಲ್ಲಿ," ಎಂದಳು.