ಕಿವಿ ಮುರಿಯದ ಕ್ಯಾಸೆಟ್

ರೇಡಿಯೊ ರಿಪೇರಿಯವನನ್ನು ಬೀದಿಯವರೆಲ್ಲ ಜಿಪುಣಪ್ಪ ಎಂದೇ ಕರೆಯುತ್ತಿದ್ದರು. ಜಿಪುಣತನ ದುಡ್ಡಿನಲ್ಲಲ್ಲ, ಹಾಡಿನಲ್ಲಿ. ಅವನ ಹತ್ತಿರ ಕ್ಯಾಸೆಟ್ ಕೇಳುವುದೂ ಒಂದೇ, ಪ್ರಾಣ ಕೇಳುವುದೂ ಒಂದೇ.

ಹಾಡು ತುಂಬಿಸಿದ ಕೂಡಲೇ ಕ್ಯಾಸೆಟ್ಟಿನ ಬೆನ್ನಿನಲ್ಲಿರುವ ಪುಟ್ಟ ಪ್ಲಾಸ್ಟಿಕ್ ಚೂರನ್ನು ಸ್ಕ್ರೂಡ್ರೈವರಿನಿಂದ ಮುರಿಯುತ್ತಿದ್ದ. ಅದಕ್ಕೆ ಅವನಿಟ್ಟ ಹೆಸರು ಕಿವಿ. ಕಿವಿ ಮುರಿದರೆ ಆ ಕ್ಯಾಸೆಟ್ಟಿನ ಮೇಲೆ ಬೇರೇನೂ ತುಂಬಿಸಲಾಗದು. ರೆಕಾರ್ಡ್ ಗುಂಡಿ ಕೆಳಗಿಳಿಯುವುದೇ ಇಲ್ಲ.

ಒಂದಕ್ಕೆ ಮಾತ್ರ ಕಿವಿ ಉಳಿದಿತ್ತು. ಅದರಲ್ಲಿ ಹೆಂಡತಿ ಹಾಡಿದ್ದಳು. ಅರ್ಧಕ್ಕೇ ಕೆಮ್ಮು ಬಂದು, "ಇರ್ಲಿ ಬಿಡಿ, ಮಿಕ್ಕಿದ್ದು ಹುಷಾರಾದ್ಮೇಲೆ ಹಾಡ್ತೀನಿ" ಅಂದಿದ್ದಳು. ಆ ಮಾತೂ ಅದರಲ್ಲೇ ಇತ್ತು. ಅವಳು ಹುಷಾರಾಗಲಿಲ್ಲ. ಕಿವಿ ಮುರಿಯಲು ಅವನಿಗೆ ಮನಸ್ಸು ಬರಲಿಲ್ಲ. ಮುರಿದರೆ, ಇನ್ನು ನೀನು ಹಾಡುವುದು ಬೇಡ ಎಂದು ತಾನೇ ಹೇಳಿದ ಹಾಗಾಗುತ್ತದಲ್ಲ ಎಂಬ ಸಂಕಟ. ಹುಚ್ಚೇ ಸರಿ, ಆದರೆ ಅಂಥ ಹುಚ್ಚು ಯಾರಿಗಿರುವುದಿಲ್ಲ?

ಗೋಡೆಯ ತೇವಕ್ಕೆ ಪೆಟ್ಟಿಗೆಯಲ್ಲಿದ್ದ ಕ್ಯಾಸೆಟ್ಟುಗಳು ಬೂಷ್ಟು ಹಿಡಿಯತೊಡಗಿದವು. ಮಗಳು ಎಲ್ಲಿಂದಲೋ ಖಾಲಿ ಕ್ಯಾಸೆಟ್ಟುಗಳನ್ನು ಹುಡುಕಿ ತಂದಳು.

"ಅಪ್ಪಾ, ಮೊದ್ಲು ಅಮ್ಮಂದು ಕಾಪಿ ಮಾಡು. ಎಲ್ಲ ಹೋದ್ರೂ ಅದೊಂದು ಉಳೀಬೇಕು."

"ಅದು ಕೊನೇಗಮ್ಮ. ಕೈ ಪಳಗ್ಲಿ."

ಎರಡು ಬಾಯಿಯ ಟೇಪ್‌ರೆಕಾರ್ಡರಿಗೆ ಎಡಗಡೆ ಹಳೆಯದು, ಬಲಗಡೆ ಖಾಲಿಯದು ಹಾಕಬೇಕು. ಪೊರೆ ಬಂದ ಕಣ್ಣಿಗೆ ಯಾವುದು ಯಾವುದೆಂದು ತಿಳಿಯುತ್ತಿರಲಿಲ್ಲ. ತಿಳಿದು ಏನಾಗಬೇಕು? ಅದಲುಬದಲಾದರೆ, ಕಿವಿ ಮುರಿದ ಹಳೆಯದಕ್ಕೆ ಗುಂಡಿಯೇ ಒಲ್ಲೆ ಎನ್ನುತ್ತಿತ್ತು. ಆಗ ಬದಲಿಸಿ ಹಾಕಿದರಾಯಿತು. ಗುಂಡಿ ಇಳಿಯಿತೆಂದರೆ ಎಲ್ಲ ಸರಿ. ಪೆಟ್ಟಿಗೆಯ ಹಾಡುಗಳೆಲ್ಲ ಹಾಗೇ ಹೊಸ ಕ್ಯಾಸೆಟ್ಟಿಗೆ ಬಂದವು.

ಕೊನೆಗೆ ಹೆಂಡತಿಯ ಸರದಿ. ಆ ಕೆಮ್ಮನ್ನು ಮತ್ತೆ ಕೇಳುವ ಎದೆ ಅವನಿಗಿರಲಿಲ್ಲ, ಸದ್ದನ್ನು ಪೂರ್ತಿ ತಗ್ಗಿಸಿದ. ಗುಂಡಿ ಒತ್ತಿದ. ಮೆತ್ತಗೆ ಇಳಿಯಿತು.

ಸಂಜೆ ಮಗಳು ಹೊಸದನ್ನು ಹಾಕಿದಳು. ಬರೀ ಸುಯ್ ಎಂಬ ಸದ್ದು.

"ಇದ್ರಲ್ಲೇನೂ ಬಂದಿಲ್ಲಪ್ಪ."

"ಹಾಗಾದ್ರೆ ಅಮ್ಮಂದನ್ನೇ ಹಾಕು, ನೋಡೋಣ."

ಹಾಕಿದಳು. ಅದೇ ಸುಯ್. ಹಾಡಿಲ್ಲ, ಕೆಮ್ಮಿಲ್ಲ, ಹುಷಾರಾದ ಮೇಲೆ ಎಂಬ ಮಾತೂ ಇಲ್ಲ. ಅವನು ಕ್ಯಾಸೆಟ್ ತೆಗೆದು ಬೆರಳಿನಿಂದ ಅದರ ಬೆನ್ನು ಸವರಿದ. ಕಿವಿ ತಾಗಿತು. ಅದಲುಬದಲಾಗಿದ್ದು ಗುಂಡಿಗೆ ಹೇಗೆ ತಿಳಿಯಬೇಕು? ಖಾಲಿಯದನ್ನು ಹೆಂಡತಿಯ ಮೇಲೆ ತುಂಬಿಸಿದ್ದ, ತನ್ನ ಕೈಯಾರೆ.

ಮಗಳು ಗೋಡೆಯತ್ತ ತಿರುಗಿ ಅಳತೊಡಗಿದಳು. ಅವನು ಸ್ಕ್ರೂಡ್ರೈವರ್ ಹುಡುಕಿ, ಕಿವಿಯನ್ನು ಮುರಿದ.

"ಈಗ ಮುರಿದು ಏನಪ್ಪಾ ಬಂತು?"

"ಅವಳ ಜಾಗ ಅದು," ಎಂದ ಅವನು. "ಇನ್ಯಾರೂ ಹಾಡೋದು ಬೇಡ."